ನಡುಮನೆಯೊಳಗೆ ಎಮ್ಮೆಗೊಂದು ದಾರಿ

ದೇವದುರ್ಗದ ನಮ್ಮ ತವರುಮನೆಯ ಎಡಗಡೆಯ ಗೋಡೆ ಅರ್ಧ ನಮ್ಮದು, ಅರ್ಧ ನೆರೆಯವರದು. ಬಲಗಡೆಯದೂ ಹಾಗೆಯೇ. ಹಿಂದೆ ಹಿತ್ತಲು, ಹಿತ್ತಲಿನ ಆಚೆ ಮತ್ತೊಬ್ಬರ ಮನೆಯ ಬೆನ್ನು. ಹೀಗಾಗಿ ಓಣಿಯಿಂದ ಹಿತ್ತಲಿಗೆ ಹೋಗಬೇಕೆಂದರೆ ಮನುಷ್ಯರಾಗಲಿ, ಮೇವಿನ ಹೊರೆಯಾಗಲಿ, ಎಮ್ಮೆಯಾಗಲಿ ತಲಬಾಗಿಲಿನಿಂದ ಒಳಗೆ ಬಂದು, ಪಡಸಾಲೆ ದಾಟಿ, ಅಡುಗೆಮನೆಯ ಮುಂದಿನಿಂದಲೇ ಹಾದುಹೋಗಬೇಕು. ನಾವು ಕಣ್ಣು ಬಿಟ್ಟಾಗಿನಿಂದ ಕಂಡದ್ದು ಅದನ್ನೇ. ಸಂಜೆ ನಾನೂ ತಮ್ಮನೂ ಪಡಸಾಲೆಯಲ್ಲಿ ಕಾಲು ಚಾಚಿ ಓದುತ್ತಿದ್ದರೆ ಎಮ್ಮೆ ಬರುತ್ತಿತ್ತು. ಪುಸ್ತಕ ಎತ್ತಿಕೊಂಡು ಕಾಲು ಮಡಚುತ್ತಿದ್ದೆವು. ಅದು ಹೋದ ಮೇಲೆ ಮತ್ತೆ ಚಾಚುತ್ತಿದ್ದೆವು. ಬಾಲದ ಏಟು ಯಾರಿಗೆ ಜಾಸ್ತಿ ಬಿತ್ತು ಎಂಬುದರ ಮೇಲೆ ಒಂದು ಜಗಳ ನಡೆಯುತ್ತಿತ್ತು. ಇದರಲ್ಲಿ ವಿಶೇಷ ಏನಾದರೂ ಇದೆ ಎಂದು ನಮಗೆ ಯಾವತ್ತೂ ಅನ್ನಿಸಿರಲಿಲ್ಲ.

ಈಗ ನನ್ನ ಸಂಸಾರ ರಾಯಚೂರಿನಲ್ಲಿ, ನೌಕರಿ ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಕಚೇರಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮೈ ಎಲ್ಲೇ ಓಡಾಡಿದರೂ ನನ್ನ ಬಾಯಿ ಮಾತ್ರ ದೇವದುರ್ಗದಲ್ಲೇ ಇರುತ್ತದೆ ಎಂದು ಮನೆಯವರು ಚೇಷ್ಟೆ ಮಾಡುತ್ತಾರೆ. ಸುಳ್ಳಲ್ಲ. ತವರಿನಲ್ಲಿ ಅವ್ವ, ತಮ್ಮ, ತಮ್ಮನ ಹೆಂಡತಿ, ಅವರ ಇಬ್ಬರು ಮಕ್ಕಳು ಇದ್ದಾರೆ. ತಮ್ಮನದು ಪಂಪ್‌ಸೆಟ್ಟಿನ ಸಾಮಾನಿನ ಅಂಗಡಿ. ಅಲ್ಲಿ ಹೊಸ ಚಾಪೆ ತಂದರೂ ನನಗೆ ಫೋಟೊ ಬರಬೇಕು, ನಾನು ಹೂಂ ಅನ್ನಬೇಕು. ಇಂಥವಳ ಕಣ್ಣ ಮುಂದೆ ಇಡೀ ಮನೆಯನ್ನೇ ಹೊಸದು ಮಾಡುವ ಮಾತು ಬಂದರೆ ಕೇಳಬೇಕೇ?

ಮನೆ ಹಳೆಯ ಮಣ್ಣಿನ ಮಾಳಿಗೆಯದು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮೇಲೆ ಹೊಸ ಮಣ್ಣು ಹಾಕಿ ತುಳಿಸಬೇಕು. ಬರಬರುತ್ತಾ ಆ ಕೆಲಸ ಬಲ್ಲವರು ಸಿಗುವುದು ನಿಂತಿತು, ಸೋರುವುದು ನಿಲ್ಲಲಿಲ್ಲ. ಒಂದು ಮಳೆಗಾಲವಂತೂ ಮನೆಯ ಬೋಗುಣಿ, ತಪ್ಪೇಲಿ, ಬಕೆಟ್ಟುಗಳೆಲ್ಲ ಸೋರುವ ಕಡೆಗೆ ಹೋಗಿ, ಅಡುಗೆಗೆ ಪಾತ್ರೆ ಇಲ್ಲದಂತಾಯಿತು. ಆಗ ತಮ್ಮ ಗಟ್ಟಿ ಮನಸ್ಸು ಮಾಡಿದ. ಪಕ್ಕದ ಗೋಡೆಗಳನ್ನು ಮುಟ್ಟದೆ ಒಳಗೆ ಕಾಲಂ ಎಬ್ಬಿಸಿ, ಮೇಲೆ ಸ್ಲ್ಯಾಬು ಹಾಕಿ, ಮಕ್ಕಳಿಗೆ ಮಹಡಿಯ ಮೇಲೆ ಕೋಣೆ ಮಾಡುವುದು. ಅವ್ವನಿಗೆ ಕೆಳಗೇ ಒಂದು ಕೋಣೆ, ಅದಕ್ಕೆ ಹತ್ತಿಕೊಂಡೇ ಬಚ್ಚಲು. ಅವ್ವನನ್ನು ಕೇಳಿದೆವು.

"ನಿಮಗ ಹೆಂಗ ಪಸಂದ ಅದ ಹಂಗ ಮಾಡ್ರಿ. ಮಳಿ ಒಳಗ ಬರಬಾರದು, ಅಷ್ಟ," ಎಂದಳು ಅವ್ವ. ಇಡೀ ನಕ್ಷೆಗೆ ಅವಳು ಕೊಟ್ಟ ಸೂಚನೆ ಅದೊಂದೇ.

ಇಂಜಿನಿಯರನ್ನು ರಾಯಚೂರಿನಿಂದ ಕರೆದುಕೊಂಡು ಬಂದವಳು ನಾನೇ. ತಮ್ಮನಿಗಿಂತ ಚಿಕ್ಕವನು, ಮಾತು ಮೆತ್ತಗೆ, ಟೇಪು ಹಿಡಿದರೆ ಮಾತ್ರ ಕೈ ಚುರುಕು. ಬಸ್ಸಿಗೆ ಬಂದು ಬಸ್ಸಿಗೆ ಹೋಗುವವನಾದ್ದರಿಂದ ಅವನು ಮನೆ ನೋಡಿದ್ದೆಲ್ಲ ನಡುಮಧ್ಯಾಹ್ನದಲ್ಲಿ. ಆ ಹೊತ್ತಿಗೆ ನಮ್ಮ ಎಮ್ಮೆ ಹಳ್ಳದ ಕಡೆ ಮೇಯಲು ಹೋಗಿರುತ್ತದೆ. ಮನೆಯಲ್ಲಿ ಎಷ್ಟು ಮಂದಿ, ಯಾರಿಗೆ ಯಾವ ಕೋಣೆ, ದೇವರ ಜಗಲಿ ಯಾವ ದಿಕ್ಕಿಗೆ, ಗಾಡಿ ಎಷ್ಟು ಎಂದು ಅವನು ಎಲ್ಲ ಕೇಳಿದ. ತಮ್ಮ ಗಂಟಲು ಸರಿಮಾಡಿಕೊಂಡು, "ಸದ್ಯಕ್ಕ ಒಂದು ಮೋಟಾರ್ ಸೈಕಲ್ ಅದ್ರಿ. ಮುಂದ ಕಾರು ತಗೊಳ್ಳಾದು ಅದ," ಎಂದ. ಹೀಗೆ ಇನ್ನೂ ಹುಟ್ಟದ ಕಾರಿಗೆ ನಕ್ಷೆಯಲ್ಲಿ ಜಾಗ ಸಿಕ್ಕಿತು.

ಹಿತ್ತಲಿನಲ್ಲಿ ಎಮ್ಮೆಯ ಕೊಟ್ಟಿಗೆಯನ್ನೂ ಅವನು ನೋಡಿದ. ಅದು ಗಟ್ಟಿಯಾಗಿದೆ, ಹಾಗೇ ಇರಲಿ ಎಂದು ನಕ್ಷೆಯಲ್ಲಿ ಅದನ್ನು ಚೌಕಟ್ಟು ಹಾಕಿ ಬರೆದ. ನಕ್ಷೆ ಕೈಗೆ ಬಂದಾಗ ನಾವು ಮೊದಲು ಹುಡುಕಿದ್ದೂ ಕೊಟ್ಟಿಗೆಯನ್ನೇ. ಇದೆ ಎಂದು ಸಮಾಧಾನಪಟ್ಟೆವು. ಅದರ ಹಿಂದೆ ದಾರಿ ಇರಬಹುದೆಂದು ಅವನು ಅಂದುಕೊಂಡಿದ್ದ. ದಾರಿ ಮನೆಯೊಳಗೇ ಇದೆ ಎಂಬುದು ಹೇಳಬೇಕಾದ ಸಂಗತಿ ಎಂದು ನಮಗೆ ಹೊಳೆಯಲೇ ಇಲ್ಲ. ಬಾಗಿಲಿನಿಂದ ಬರುತ್ತೇವೆ, ಮೂಗಿನಿಂದ ಉಸಿರಾಡುತ್ತೇವೆ ಎಂದು ಯಾರಾದರೂ ಇಂಜಿನಿಯರಿಗೆ ಹೇಳುತ್ತಾರೆಯೇ?

ಕೆಲಸ ಶುರುವಾದಾಗ ಮನೆಮಂದಿ ಅದೇ ಓಣಿಯಲ್ಲಿ ಬಾಡಿಗೆಗೆ ಹೋದರು. ಎಮ್ಮೆಯನ್ನು ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿರುವ ಚಿಗವ್ವನ ಮನೆಗೆ, ಅಂದರೆ ಅವ್ವನ ತಂಗಿಯ ಮನೆಗೆ, ಸಣ್ಣ ಗಾಡಿಯಲ್ಲಿ ಏರಿಸಿ ಕಳಿಸಿದೆವು. ಈ ಎಮ್ಮೆ ಅವ್ವನಿಗೆ ಬರೀ ಎಮ್ಮೆ ಅಲ್ಲ. ಮದುವೆಯಾದ ಹೊಸದರಲ್ಲಿ ಅವಳ ತವರಿನಿಂದ ಬಂದ ಎಮ್ಮೆಯ ಪೀಳಿಗೆಯದು. ಓಣಿಯ ಅರ್ಧ ಮನೆಗಳ ಬೆಳಗಿನ ಚಾ ಇದರ ಹಾಲಿನದು. ಹಾಲಿಗೆ ಬಂದವರು ಹಾಲಷ್ಟೇ ಒಯ್ಯುವುದಿಲ್ಲ, ಕಟ್ಟೆಯ ಮೇಲೆ ಕೂತು ಅವ್ವನ ಹತ್ತಿರ ಮನೆಯ ಸುಖದುಃಖವನ್ನೆಲ್ಲ ಬಿಚ್ಚಿ ಹೋಗುತ್ತಾರೆ. ಹಾಗಾಗಿ ಎಮ್ಮೆ ಕಲ್ಲೂರಿಗೆ ಹೋದ ಮೇಲೆ ಅವ್ವನಿಗೆ ಹೊತ್ತು ಹೋಗದಾಯಿತು. ಮನೆ ಕಟ್ಟುವುದನ್ನು ನೋಡಲು ಬರುವುದು ಬಿಟ್ಟು ಅವಳು ಬಸ್ಸು ಹತ್ತಿ ಎಮ್ಮೆಯನ್ನು ನೋಡಲು ಹೋಗುತ್ತಿದ್ದಳು. ಬಂದು, "ಬಡವಾಗ್ಯಾಳ. ಅಲ್ಲಿ ನೀರು ಆಕಿಗಿ ಹಿಡಸವಲ್ದು," ಎನ್ನುತ್ತಿದ್ದಳು. ಚಿಗವ್ವ ಫೋನಿನಲ್ಲಿ ಬೇರೆಯೇ ಹೇಳುತ್ತಿದ್ದಳು: ತಿಂದು ತಿಂದು ಎಮ್ಮೆ ಗುಂಡಗಾಗಿದೆಯಂತೆ.

ಇತ್ತ ಟೈಲ್ಸಿನ ಸರದಿ ಬಂತು. ತಮ್ಮನ ಹೆಂಡತಿಯ ತವರು ಮಾನ್ವಿ. ಅವಳ ಅಣ್ಣನ ಮನೆಯಲ್ಲಿ ಹಾಕಿಸಿದ ನೆಲವನ್ನು ಅವಳು ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಬಡಿವಾರದವಳಲ್ಲ ನನ್ನ ನಾದಿನಿ. ಸೋರುವ ಮನೆಯಲ್ಲಿ ಸಂಸಾರ ಮಾಡಿ, ನೆಲ ಸಾರಿಸಿ ಸಾರಿಸಿ ಕೈ ಒರಟಾದವಳು. ಒಂದು ಭಾನುವಾರ ನಾವಿಬ್ಬರೂ ಮಾನ್ವಿಯ ಅಂಗಡಿಗೆ ಹೋದೆವು. ಅಂಗಡಿಯವನು ಒಂದೊಂದೇ ಟೈಲ್ಸು ಎತ್ತಿ ನಿಲ್ಲಿಸಿ, "ಇದ್ರಾಗ ಮುಖ ನೋಡಿಕೋಬಹುದು ನೋಡ್ರಿ ಅಕ್ಕಾರ," ಎಂದ. ನೋಡಿಕೊಂಡೆವು. ನಾನು ಹಣೆಯ ಕುಂಕುಮ ಸರಿಮಾಡಿಕೊಂಡೆ, ಅವಳು ಸೆರಗು ಸರಿಮಾಡಿಕೊಂಡಳು. ಅದನ್ನೇ ಆರಿಸಿ ಬಂದೆವು.

ನೆಲ ಹಾಕಿ, ಮೇಲೆ ಹೊದಿಸಿದ ಹಾಳೆ ತೆಗೆದ ದಿನ ಅವ್ವನನ್ನು ಕರೆತಂದೆವು. ಓಣಿಯಿಂದ ಮೇಲೇರಲು ಮಿಂಚುವ ಕಲ್ಲಿನ ಮೆಟ್ಟಿಲು, ದೊಡ್ಡ ಬಾಗಿಲು, ಒಳಗೆ ಪಡಸಾಲೆಯೂ ಅಡುಗೆಮನೆಯೂ ಒಂದೇ ಆಗಿ ಬೆಳಕು ಹಿಂದಿನ ಬಾಗಿಲಿನವರೆಗೆ ಹರಡಿತ್ತು. ನನಗಂತೂ ಹೆಮ್ಮೆಯಿಂದ ಎದೆ ಉಬ್ಬಿತ್ತು. ಅವ್ವ ಮೆಟ್ಟಿಲನ್ನು ಗೋಡೆ ಹಿಡಿದು ಏರಿದಳು. ಹೊಸ್ತಿಲ ಮೇಲೆ ನಿಂತಳು. ಒಂದು ಕಾಲಿನ ಹೆಬ್ಬೆರಳನ್ನು ಟೈಲ್ಸಿನ ಮೇಲೆ ಇಟ್ಟು ಒತ್ತಿ ನೋಡಿ, ಹಿಂದಕ್ಕೆ ತೆಗೆದುಕೊಂಡಳು.

"ಛಂದ ಆಗ್ಯಾದ," ಎಂದಳು. "ಎಮ್ಮಿ ಎಲ್ಲಿಂದ ಬರತದ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಮ್ಮ ಹಿತ್ತಲಿನ ಆಚೆ ನೋಡಿದ, ಅಲ್ಲಿ ಬೇರೆಯವರ ಗೋಡೆ. ಎಡಕ್ಕೆ ನೋಡಿದ, ಗೋಡೆ. ಬಲಕ್ಕೆ ನೋಡುವ ಹೊತ್ತಿಗೆ ಅವನಿಗೇ ನಗು ಬಂತು. ನನಗೂ ಬಂತು. ಕಾರಿಗೆ ಜಾಗ ಇದೆ, ಕಾರು ಇಲ್ಲ. ಎಮ್ಮೆ ಇದೆ, ಎಮ್ಮೆಗೆ ಮನೆಯೂ ಇದೆ, ಅಲ್ಲಿಗೆ ಹೋಗಲು ದಾರಿ ಇಲ್ಲ. ನಕ್ಕು ನಕ್ಕು ನಾದಿನಿ ಹೊಸ್ತಿಲ ಮೇಲೇ ಕೂತುಬಿಟ್ಟಳು. ನಗದೇ ಇದ್ದವಳು ಅವ್ವ ಒಬ್ಬಳೇ.

"ಇದರ ಮ್ಯಾಲ ಎಮ್ಮಿ ಜಾರತದ," ಎಂದಳು. "ಜಾರಿ ಬಿದ್ರ ಸೊಂಟ ಮುರೀತದ. ಎಮ್ಮಿ ಬರೋತನಕ ನಾ ಈ ಮನ್ಯಾಗ ಇರಾಕ ಬರಂಗಿಲ್ಲ. ನೀವು ಇರ್ರಿ. ನಾ ಕಲ್ಲೂರಾಗ ತಂಗಿ ಮನ್ಯಾಗ ಇರ್ತೀನಿ, ಆಕಿನೂ ಅಲ್ಲೇ ಅದಾಳ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಹಟವೂ ಇರಲಿಲ್ಲ. ಲೆಕ್ಕ ಮುಗಿಸಿದವರ ಹಾಗೆ ಹೇಳಿದಳು. ನಮ್ಮ ನಗು ಅಲ್ಲಿಗೆ ನಿಂತಿತು. ಅವ್ವನಿಲ್ಲದ ಮನೆಗೆ ಅವ್ವನ ಕೋಣೆ ಯಾಕೆ, ಆ ಮನೆಗೆ ನಾನು ತವರು ಎಂದು ಬರುವುದಾದರೂ ಹೇಗೆ?

ತಮ್ಮ ಬಿಡುವವನಲ್ಲ. ಮರುದಿನವೇ ಎದುರುಮನೆಯವರ ಎಮ್ಮೆಯನ್ನು ಕೇಳಿ ತಂದ. ಪಡಸಾಲೆಯ ಉದ್ದಕ್ಕೂ ಗೋಣಿತಟ್ಟು ಹಾಸಿ, ಮೆಟ್ಟಿಲ ಮೇಲೆ ಹಲಗೆ ಇಟ್ಟು, ಎಮ್ಮೆಯನ್ನು ಮೆಲ್ಲಗೆ ಒಳಗೆ ಹೊಡೆದ. ಅದು ಎರಡು ಹೆಜ್ಜೆ ಇಟ್ಟಿತು. ಗೋಣಿತಟ್ಟು ಟೈಲ್ಸಿನ ಮೇಲೆ ಜಾರಿತು, ಅದರ ಜೊತೆಗೆ ಎಮ್ಮೆಯ ಮುಂಗಾಲೊಂದು ದೇವರಮನೆಯ ಕಡೆಗೂ ಇನ್ನೊಂದು ಅಡುಗೆಮನೆಯ ಕಡೆಗೂ ಹೊರಟವು. ಪಾಪ, ಬೆದರಿದ ಎಮ್ಮೆ ಹಿಂದಕ್ಕೇ ನಡೆದು, ಬಾಗಿಲ ಪಕ್ಕ ಇಟ್ಟಿದ್ದ ತುಳಸಿಕುಂಡವನ್ನು ಉರುಳಿಸಿ ಓಣಿಗೆ ಇಳಿಯಿತು. ಎದುರುಮನೆಯಾಕೆ ತನ್ನ ಎಮ್ಮೆಯ ಕಾಲನ್ನು ಒಂದೊಂದಾಗಿ ಮುಟ್ಟಿ ನೋಡಿ, ನಮ್ಮ ಕಡೆ ಒಂದು ನೋಟ ಬೀರಿ, ಅದನ್ನು ಹೊಡೆದುಕೊಂಡು ಹೋದಳು. ಅವ್ವ ಬಾಡಿಗೆ ಮನೆಯ ಕಟ್ಟೆಯಿಂದ ಇದನ್ನೆಲ್ಲ ನೋಡುತ್ತಿದ್ದಳು.

ಸಂಜೆ ತಮ್ಮ ಅವಳ ಪಕ್ಕ ಕೂತು ಮೆತ್ತಗೆ ಮಾತು ತೆಗೆದ.

"ಯವ್ವಾ, ಈಗ ಪಾಕೀಟ ಹಾಲು ಬಾಗಲಿಗೇ ಬರತಾವ. ನಿನಗೂ ವಯಸ್ಸಾತು. ಎಮ್ಮಿ ಚಿಗವ್ವನ ಹತ್ರಾನ ಇರ್ಲಿ, ನೋಡಬೇಕು ಅನಿಸಿದಾಗ ಹೋಗಿ ಬಾ."

"ಪಾಕೀಟ ಬರತಾವಪಾ," ಎಂದಳು ಅವ್ವ. "ಕರದ್ರ ಓ ಅಂತಾವೇನು?"

ನಾನು ಇಂಜಿನಿಯರಿಗೆ ಫೋನು ಮಾಡಿದೆ. ಬೈಯಬೇಕೆಂದೇ ಮಾಡಿದ್ದೆ, ಆದರೆ ವಿಷಯ ಕೇಳಿದ ಅವನು ಅತ್ತ ಕಡೆಯಿಂದ, "ಹಿಂದ ದಾರಿ ಅದ ಅಂತ ತಿಳಕೊಂಡಿದ್ದೆ ನೋಡ್ರಿ ಅಕ್ಕಾರ. ಎಮ್ಮಿ ಈಗ ಎಲ್ಲಿ ಅದ? ಅದನ್ನ ನೋಡಬೇಕಲ್ರಿ," ಎಂದ. ನನ್ನ ಸಿಟ್ಟು ಹಾಗೇ ಇಳಿಯಿತು.

ಮುಂದಿನ ಭಾನುವಾರ ನಾನೂ ಅವನೂ ರಾಯಚೂರಿನಿಂದ ಕಲ್ಲೂರಿಗೆ ಬಸ್ಸಿನಲ್ಲಿ ಹೋದೆವು. ಅವ್ವ ಆಗಲೇ ಅಲ್ಲಿದ್ದಳು. ಅವನು ಟೇಪು ಬಿಚ್ಚಿ ಎಮ್ಮೆಯ ಹೊಟ್ಟೆಯ ಅಗಲ, ಕೊಂಬಿನಿಂದ ಕೊಂಬಿಗೆ ಅಗಲ, ಮೂತಿಯಿಂದ ಬಾಲದವರೆಗೆ ಉದ್ದ ಎಲ್ಲ ಅಳೆಯಲು ನಿಂತ. ಎಮ್ಮೆ ಟೇಪಿನ ತುದಿಯನ್ನು ನಾಲಗೆಯಿಂದ ಎಳೆದುಕೊಂಡು ಮೆಲ್ಲತೊಡಗಿತು.

"ಎಮ್ಮಿಗಿ ಜಂಪರ ಹೊಲಸ್ತೀಯೇನಪಾ?" ಎಂದು ಚಿಗವ್ವ ಕೇಳಿದಳು. ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಅವನು ನಾಚಿಕೊಳ್ಳಲಿಲ್ಲ. "ಹೌದ್ರಿ, ಬರೋಬರಿ ಅಳತಿ ಬೇಕು," ಎಂದು ಟೇಪಿನ ಜೊಲ್ಲು ಒರೆಸಿಕೊಂಡ. ಆಮೇಲೆ ಅವ್ವನ ಕಡೆ ತಿರುಗಿ, "ಯವ್ವಾ, ಈಕಿ ಬಾಗಲದಾಗ ಹೆಂಗ ಬರತಾಳ, ಹೆಂಗ ಹೊಳ್ಳತಾಳ, ಜರಾ ನಡಸಿ ತೋರಸ್ರಿ," ಎಂದು ಕೇಳಿದ.

ಅವ್ವನಿಗೆ ಅದು ಬಹಳ ಹಿಡಿಸಿತು. ಇಡೀ ಮನೆ ಕಟ್ಟಿದ ಮೇಲೆ ಅವಳನ್ನು ಯಾರಾದರೂ ಹೀಗೆ ಮಾಡಿ ತೋರಿಸು ಎಂದು ಕೇಳಿದ್ದು ಅದೇ ಮೊದಲು. ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟುಕೊಂಡು ಚಿಗವ್ವನ ಬಾಗಿಲಿನಿಂದ ಒಳಗೆ ಹೋಗಿ ಹೊರಗೆ ಬಂದಳು. ಬಾಗಿಲ ಹತ್ತಿರ ಎಮ್ಮೆ ಕತ್ತು ವಾರೆ ಮಾಡಿ ಮೊದಲು ಒಂದು ಕೊಂಬು, ಆಮೇಲೆ ಇನ್ನೊಂದು ಕೊಂಬು ತೂರಿಸುತ್ತಿತ್ತು. ಅದು ಹೊರಳುವಾಗ ಎಲ್ಲಿ ನಿಲ್ಲುತ್ತದೆ, ಎಲ್ಲಿ ಮೂಸುತ್ತದೆ, ಏನು ಕಂಡರೆ ಬೆದರುತ್ತದೆ ಎಂದು ಅವ್ವ ಹೇಳುತ್ತ ಹೋದಳು. ಅವನು ಬರೆದುಕೊಳ್ಳುತ್ತ ಹೋದ.

ದೇವದುರ್ಗಕ್ಕೆ ಬಂದು ಅವನು ಸೀಮೆಸುಣ್ಣದಿಂದ ಆ ಮಿಂಚುವ ನೆಲದ ಮೇಲೆ ಎರಡು ಗೆರೆ ಎಳೆದ. ತಲಬಾಗಿಲಿನಿಂದ ಹಿಂದಿನ ಬಾಗಿಲಿಗೆ, ಪಡಸಾಲೆಯ ಒಂದು ಬದಿಗೆ. ಈ ಗೆರೆಗಳ ನಡುವಿನ ಟೈಲ್ಸು ಕಿತ್ತು, ಪಾಲಿಶ್ ಇಲ್ಲದ ಪರ್ಸಿ, ಅಂದರೆ ಚಪ್ಪಡಿ ಕಲ್ಲು ಹಾಕುವುದು. ಅದರ ಮೈಯನ್ನು ಉಳಿಯಿಂದ ಸಣ್ಣಗೆ ಚುಚ್ಚಿಸಿ ಒರಟು ಮಾಡುವುದು. ಹಿತ್ತಲಿನ ಕಡೆಗೆ ಸ್ವಲ್ಪ ಇಳಿಜಾರು, ತೊಳೆದರೆ ನೀರು ತಾನೇ ಹರಿದುಹೋಗಬೇಕು. ಅಡುಗೆಯ ಕಟ್ಟೆಯ ಚೂಪು ಮೂಲೆಯನ್ನು ದುಂಡಗೆ ಮಾಡುವುದು. ಮುಂದಿನ ಮೆಟ್ಟಿಲನ್ನು ತೆಗೆದು ಅಲ್ಲಿಯೂ ಕಲ್ಲಿನ ಇಳಿಜಾರು ಮಾಡುವುದು. ಎಲ್ಲ ಹೇಳಿ ಮುಗಿಸಿ ಅವನು ನಾದಿನಿಯ ಮುಖ ನೋಡಿದ. ನಾವೂ ನೋಡಿದೆವು. ಆ ನೆಲ ಅವಳದು.

"ಬೀಗ್ರು ಬಂದು ಕುಂತಿರತಾರ," ಎಂದಳು ಅವಳು. "ಚಾ ಕುಡಿಯಾಕತ್ತಿರತಾರ. ಅವರ ಮುಂದ ಎಮ್ಮಿ ಹಾದು ಹೋದ್ರ ಏನಂತಾರ ಅಕ್ಕಾ?"

"ಆ ಚಾದಾಗಿನ ಹಾಲು ಈಕಿದ ಅಂತ ಗೊತ್ತಾಗತದ," ಎಂದೆ.

ಅವಳಿಗೆ ನಗು ಬಂತು, ಆದರೆ ಕಣ್ಣು ನೆಲದ ಮೇಲೇ ಇತ್ತು. ಪಾಪ, ಅದನ್ನು ದಿನಕ್ಕೆ ಎರಡು ಸಲ ಒರೆಸಿ ಕಾಪಾಡಿದ್ದಳು. ಬಗ್ಗಿ ಸೀಮೆಸುಣ್ಣದ ಗೆರೆಯ ಮೇಲೆ ಬೆರಳಾಡಿಸಿ, ಕಡೆಗೆ ಇಂಜಿನಿಯರಿಗೆ ಹೇಳಿದಳು: "ಹಾಕ್ರಿ. ಆದ್ರ ಸುಮ್ಮನ ಕಲ್ಲು ಜೋಡಿಸಿ ಬಿಡಬ್ಯಾಡ್ರಿ. ಎರಡೂ ಕಡಿಗಿ ಕರಿ ಕಲ್ಲಿನ ಅಂಚು ಕೊಡ್ರಿ, ಸೀರಿ ಅಂಚಿನಂಗ. ಬೇಕಂತ ಮಾಡಿಸೀವಿ ಅಂತ ಕಾಣಬೇಕು." ಆ ಮಾತು ಕೇಳಿ ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಅಪ್ಪಿಕೊಂಡೆ ಕೂಡ.

ಟೈಲ್ಸು ಹಾಕಿದವನೇ ಬಂದು ಟೈಲ್ಸು ಕಿತ್ತ. ಹಾಕಿದ್ದನ್ನು ಕೀಳುವುದು ತನಗೆ ಹೊಸದಲ್ಲ, ಆದರೆ ಎಮ್ಮೆಯ ಸಲುವಾಗಿ ಕಿತ್ತದ್ದು ಇದೇ ಮೊದಲು ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದ. ಪರ್ಸಿ ಹಾಸಿ, ಕರಿ ಅಂಚು ಕೂತ ಮೇಲೆ ನೋಡಿದರೆ ನಿಜವಾಗಿಯೂ ಛಂದ ಕಂಡಿತು. ಬಿಳಿ ನೆಲದ ಒಂದು ಬದಿಗೆ ಬೂದು ಬಣ್ಣದ ಪಟ್ಟಿ ಬಾಗಿಲಿನಿಂದ ಬಾಗಿಲಿಗೆ ನೇರ ಹೋಗಿತ್ತು. ನೋಡಲು ಬಂದ ಪಕ್ಕದ ಓಣಿಯವರೊಬ್ಬರು ಇದು ಯಾವ ಊರಿನ ಡಿಸೈನು ಎಂದು ವಿಚಾರಿಸಿದರು. ತಮ್ಮ ಮುಖ ಗಂಭೀರ ಮಾಡಿಕೊಂಡು, ಕಲ್ಲೂರಿನದು ಎಂದು ಹೇಳಿ ಕಳಿಸಿದ.

ಗೃಹಪ್ರವೇಶದ ದಿನ ಬೆಳಿಗ್ಗೆ ಸಂಪ್ರದಾಯದಂತೆ ಮೊದಲು ಆಕಳು ಒಳಗೆ ಬರಬೇಕು. ಹೊಸ ನೆಲದ ಮನೆಗಳಲ್ಲಿ ಆ ಆಕಳಿನ ಪಾಡು ಬೇಡ; ಮುಂದೆ ಇಬ್ಬರು ಎಳೆಯುತ್ತಾರೆ, ಹಿಂದೆ ಇಬ್ಬರು ದೂಡುತ್ತಾರೆ, ಅದು ಹೊಸ್ತಿಲಿನಲ್ಲೇ ನಿಂತು ಕಾಲು ನಡುಗಿಸುತ್ತದೆ. ನಮ್ಮಲ್ಲಿ ಹಾಗಾಗಲಿಲ್ಲ. ಆಕಳು ಕಲ್ಲಿನ ದಾರಿ ಹಿಡಿದು ತನ್ನ ಪಾಡಿಗೆ ತಾನು ಹಿತ್ತಲಿಗೆ ಹೋಗಿ ಬಾಳೆಹಣ್ಣು ತಿಂದು ಬಂತು. ಪೂಜೆಗೆ ಬಂದಿದ್ದ ಅಯ್ಯನವರು ಹಾಲು ಉಕ್ಕುವುದನ್ನೂ ಬಿಟ್ಟು ನೆಲವನ್ನು ನೋಡುತ್ತಾ, "ಇಂಥಾ ವ್ಯವಸ್ಥಾ ಎಲ್ಲರೂ ಮಾಡಬೇಕ್ರಿ," ಎಂದರು. ಇದನ್ನೆಲ್ಲ ಅವ್ವ ಹೊರಗೆ ಚಪ್ಪರದ ಕೆಳಗೆ ಕೂತು ನೋಡಿದಳು. ಬಂದವರಿಗೆಲ್ಲ ಕುಂಕುಮ ಹಚ್ಚಿದಳು, ಊಟಕ್ಕೆ ಕಳಿಸಿದಳು, ತಾನು ಮಾತ್ರ ಒಳಗೆ ಹೋಗಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಇಳಿಹೊತ್ತಿನಲ್ಲಿ ಕಲ್ಲೂರಿನಿಂದ ಗಾಡಿ ಬಂತು. ಎಮ್ಮೆ ಇಳಿದು ಮೈ ಕೊಡವಿತು. ಬಣ್ಣ ಬಳಿದ ಹೊಸ ಮನೆಯ ಮುಖ ನೋಡಿತು, ಗುರುತು ಹತ್ತಲಿಲ್ಲ. ಬಾಡಿಗೆ ಮನೆಯ ಕಡೆ ನೋಡಿತು, ಎದುರುಮನೆಯ ಕಡೆ ನೋಡಿತು. ಊಟ ಮುಗಿಸಿದ ನೆಂಟರು, ಓಣಿಯ ಮಕ್ಕಳು, ಕೈಯಲ್ಲಿ ಎಲೆ ಅಡಿಕೆ ಹಿಡಿದವರು ಎಲ್ಲರೂ ನಿಂತು ನೋಡುತ್ತಿದ್ದರು. ಇಂಜಿನಿಯರು ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದ, ಪರೀಕ್ಷೆಯ ಫಲಿತಾಂಶ ನೋಡಲು ಬಂದವರ ಹಾಗೆ. ತಮ್ಮ ಹಗ್ಗ ಹಿಡಿದು ಎಳೆಯಲು ಹೋದ. ಅವ್ವ ಅವನ ಕೈಯಿಂದ ಹಗ್ಗ ತೆಗೆದುಕೊಂಡು ಎಮ್ಮೆಯ ಕೊರಳಿಗೇ ಸುತ್ತಿಬಿಟ್ಟಳು.

"ನಡಿ ಯವ್ವಾ, ನಮ್ಮ ಮನಿ," ಎಂದಳು.

ಬೆನ್ನ ಮೇಲೆ ಕೈಯಿಟ್ಟಳು. ಇಬ್ಬರೂ ಇಳಿಜಾರು ಏರಿದರು. ಬಾಗಿಲಲ್ಲಿ ಎಮ್ಮೆ ಕತ್ತು ವಾರೆ ಮಾಡಿತು, ಒಂದು ಕೊಂಬು, ಇನ್ನೊಂದು ಕೊಂಬು. ಸೋಫಾದ ಮೇಲೆ ಕೂತಿದ್ದ ಮಾನ್ವಿಯ ಬೀಗರು, ನಾವು ಚಿಕ್ಕವರಿದ್ದಾಗ ಮಾಡುತ್ತಿದ್ದ ಹಾಗೆಯೇ, ಕಾಲು ಮೇಲೆತ್ತಿಕೊಂಡರು. ಎಮ್ಮೆ ಅವರ ಕಡೆ ತಿರುಗಿಯೂ ನೋಡದೆ ಟಪ್ ಟಪ್ ಎಂದು ನಡೆದು ಹಿತ್ತಲು ಸೇರಿತು. ಹೋಗುವ ದಾರಿಯಲ್ಲಿ, ಅಡುಗೆಮನೆಯ ಮುಂದೆ, ತನ್ನದೊಂದು ಉಡುಗೊರೆಯನ್ನೂ ಇಟ್ಟು ಹೋಯಿತು. ನಾದಿನಿ ಒಂದು ಕ್ಷಣ ಕಣ್ಣು ಮುಚ್ಚಿ ತೆಗೆದಳು. ಬಕೆಟ್ಟಿನಿಂದ ನೀರು ಸುರಿದಳು. ನೀರು ಇಂಜಿನಿಯರು ಹೇಳಿದಂತೆಯೇ ಹಿತ್ತಲಿಗೆ ಹರಿದುಹೋಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ.

ಮರುದಿನ ನೆಂಟರೆಲ್ಲ ಹೋದರು, ನಾನು ಇನ್ನೊಂದು ರಜೆ ಹಾಕಿ ಉಳಿದೆ. ಬೆಳಿಗ್ಗೆ ಚಾ ಹಿಡಿದು ಪಡಸಾಲೆಯಲ್ಲಿ ಕೂತಿದ್ದೆ. ಅವ್ವ ಹಾಲು ಹಿಂಡಿಕೊಂಡು ಹಿತ್ತಲಿನಿಂದ ಬಂದಳು. ಹಾಲು ತುಂಬಿದ ಪಾತ್ರೆ ಹಿಡಿದು ಆ ಕಲ್ಲಿನ ದಾರಿಯ ಮೇಲೆ ಬರಿಗಾಲಿನಲ್ಲಿ ನೆಟ್ಟಗೆ ನಡೆದು ತಲಬಾಗಿಲಿಗೆ ಹೋದಳು. ಕಾದು ಕೂತವರಿಗೆ ಹಾಲು ಹಾಕಿ, ಅವರ ಜೊತೆ ನಕ್ಕು, ಅದೇ ದಾರಿಯಲ್ಲಿ ಹಿಂದಕ್ಕೆ ಬಂದಳು. ಎಷ್ಟೋ ದಿನದ ಮೇಲೆ ಅವಳು ಅಷ್ಟು ಸರಾಗ ನಡೆದದ್ದನ್ನು ಕಂಡು ನನಗೆ ಖುಷಿಯಾಯಿತು.

ಆಮೇಲೆ ಅವಳು ತನ್ನ ಕೋಣೆಗೆ ಹೋಗಬೇಕಾಯಿತು. ಕೋಣೆ ಪಡಸಾಲೆಯ ಆಚೆ ಬದಿಗೆ. ಕಲ್ಲಿನ ಅಂಚಿನವರೆಗೆ ಬಂದವಳು ಅಲ್ಲಿ ನಿಂತಳು. ನಾನು ಕಿಟಕಿಯ ಕಡೆ ನೋಡುತ್ತಿದ್ದೇನೆ ಎಂದು ತಿಳಿದಳೋ ಏನೋ, ಅತ್ತಿತ್ತ ನೋಡಿ, ಒಂದು ಕೈಯಿಂದ ಸೋಫಾದ ಬೆನ್ನು ಹಿಡಿದು, ಇನ್ನೊಂದು ಕೈಯನ್ನು ಗೋಡೆಗೆ ಚಾಚಿ, ಹಳ್ಳ ದಾಟುವವರ ಹಾಗೆ ಒಂದೊಂದೇ ಹೆಜ್ಜೆ ಬೆರಳೂರಿ ಇಟ್ಟು ಆ ಟೈಲ್ಸಿನ ಮೇಲೆ ನಡೆದಳು. ಕೋಣೆಯ ಚೌಕಟ್ಟು ಕೈಗೆ ಸಿಕ್ಕ ಮೇಲೆ ಉಸಿರು 'ಉಶ್' ಎಂದು ಬಿಟ್ಟದ್ದು ನನಗೆ ಕೇಳಿಸಿತು.

ಕೈಯಲ್ಲಿದ್ದ ಚಾ ಆರಿಹೋಯಿತು. ಹೊಸ್ತಿಲ ಮೇಲೆ ನಿಂತು ಹೆಬ್ಬೆರಳು ಒತ್ತಿ ನೋಡಿದಾಗಲೇ ಅವಳು ಹೆದರಿದ್ದಳು. ಜಾರಿ ಬಿದ್ದರೆ ಸೊಂಟ ಮುರಿಯುತ್ತದೆ ಎಂದದ್ದು ಯಾರ ಸೊಂಟದ ಮಾತು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನು ಜಾರುತ್ತೇನೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದರೆ ನಾವು ಏನು ಮಾಡುತ್ತಿದ್ದೆವು? ರಬ್ಬರಿನ ಚಪ್ಪಲಿ ತಂದುಕೊಡುತ್ತಿದ್ದೆವು, ರಾಯಚೂರಿಗೆ ಕರೆದೊಯ್ದು ಮೊಣಕಾಲನ್ನು ಡಾಕ್ಟರಿಗೆ ತೋರಿಸುತ್ತಿದ್ದೆವು, ಮೆಲ್ಲಗೆ ನಡಿ ಬೇ ಎಂದು ಬುದ್ಧಿ ಹೇಳುತ್ತಿದ್ದೆವು. ಸೊಸೆ ಆಸೆಪಟ್ಟು ತಂದ ನೆಲವನ್ನು ಅವ್ವನ ಕಾಲಿಗಾಗಿ ಯಾರೂ ಕೀಳುತ್ತಿರಲಿಲ್ಲ, ಕೀಳಿಸಿಕೊಳ್ಳುವವಳೂ ಅವಳಲ್ಲ. ಎಮ್ಮೆಯ ಕಾಲಿಗಾದರೆ ಕಿತ್ತೆವು.

ಹಿತ್ತಲಿನಲ್ಲಿ ಪರ್ಸಿ ಕಲ್ಲು ಇನ್ನೂ ಒಂದಷ್ಟು ಉಳಿದು ಬಿದ್ದಿತ್ತು. ನಾನು ನಾದಿನಿಯನ್ನು ಅಡುಗೆಮನೆಗೆ ಕರೆದು ಕಂಡದ್ದನ್ನು ಹೇಳಿದೆ. ಅವಳು ಒಲೆ ಆರಿಸಿ ಟೈಲ್ಸಿನವನಿಗೆ ತಾನೇ ಫೋನು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಅವನು ಉಳಿ ಸುತ್ತಿಗೆ ಹಿಡಿದು ಬಂದು, ಕಲ್ಲಿನ ದಾರಿಯಿಂದ ಅವ್ವನ ಕೋಣೆಯ ಬಾಗಿಲಿಗೆ ಗೆರೆ ಎಳೆಯಲು ಕೂತ. ಸದ್ದಿಗೆ ಅವ್ವ ಹೊರಗೆ ಬಂದಳು. ಗೆರೆ ತನ್ನ ಕಾಲಿನ ಹತ್ತಿರವೇ ಬರುತ್ತಿರುವುದನ್ನು ನೋಡಿದಳು.

"ಇಲ್ಲಿ ಯಾಕ ಕೀಳಾಕತ್ತೀರಿ?" ಎಂದಳು. "ಎಮ್ಮಿ ಈ ಕಡಿಗಿ ಬರಂಗಿಲ್ಲಲ್ಲ."

"ಬಂದ್ರೂ ಬರಬಹುದು ಬೇ ಯವ್ವಾ," ಎಂದೆ. "ಬಂದಾಗ ಜಾರಬಾರದಲ್ಲ."

ಅವ್ವ ನನ್ನ ಮುಖ ನೋಡಿದಳು. ಒಲೆಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ ಸೊಸೆಯನ್ನು ನೋಡಿದಳು. ನನಗೆ ಕಣ್ಣು ತುಂಬಿ ಬಂದಿತ್ತು, ಅವ್ವನ ತುಟಿಯ ಮೂಲೆಯಲ್ಲಿ ಮಾತ್ರ ನಗು ಸಣ್ಣಗೆ ಏಳುತ್ತಿತ್ತು. ಟೈಲ್ಸಿನವನ ಕಡೆ ತಿರುಗಿ, ಅವನ ಕೈಯ ಸೀಮೆಸುಣ್ಣಕ್ಕೆ ಕೋಣೆಯ ಒಳಗಡೆ ಬೆರಳು ಮಾಡಿ ತೋರಿಸಿದಳು.

"ಬಚ್ಚಲತನಕ ಒಯ್ದುಬಿಡಪಾ," ಎಂದಳು. "ಎಮ್ಮಿಗಿ ನೀರಂದ್ರ ಭಾಳ ಪ್ರೀತಿ."